ಕಮಲಾಪುರದ ಏರು, ನಲವತ್ತು ಸಾವಿರ ರೂಪಾಯಿ

ಹೋದ ಮೇ ತಿಂಗಳ ಒಂದು ಮಧ್ಯಾಹ್ನ. ಶಹಾಬಾದಿನಿಂದ ನೆಲಕ್ಕೆ ಹಾಸುವ ಫರಸಿ ಕಲ್ಲು ತುಂಬಿಕೊಂಡು ಹುಮನಾಬಾದಿಗೆ ಹೊರಟಿದ್ದೆವು. ಕಲಬುರಗಿ ದಾಟಿ ಕಮಲಾಪುರದ ಕಡೆಯ ಏರು ಹತ್ತುವಾಗ ಗಾಡಿ ಮೂರನೇ ಗೇರಿನಲ್ಲಿ ನಿಲ್ಲಲಿಲ್ಲ. ಎರಡಕ್ಕೆ ಇಳಿಸಿದೆ. ಎಂಜಿನ್ ಕೂಗಿತು, ಗಾಡಿ ಮಾತ್ರ ತೆವಳಿತು. ಕನ್ನಡಿಯಲ್ಲಿ ನೋಡಿದರೆ ಹಿಂದೆಲ್ಲ ಕರಿ ಹೊಗೆ. ಬೈಕಿನಲ್ಲಿ ಬರುತ್ತಿದ್ದ ಗಂಡ ಹೆಂಡತಿ ಮೂಗಿಗೆ ಸೆರಗು, ಟವೆಲ್ಲು ಹಿಡಿದುಕೊಂಡು ನಮ್ಮನ್ನು ದಾಟಿ ಹೋದರು. ಆ ಹೆಣ್ಣುಮಗಳು ಹೊರಳಿ ನನ್ನ ಮುಖ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದೆ.

ಪಕ್ಕದಲ್ಲಿ ತಮ್ಮ ಕೂತಿದ್ದ. "ಅಣ್ಣಾ, ಇದರ ಪುಲ್ಲಿಂಗ್ ಹೋಗ್ಯಾದ. ಚಿಪ್ ಹಾಕಸೋಣು" ಅಂದ. ಪುಲ್ಲಿಂಗ್ ಅಂದರೆ ಎಳೆಯುವ ತಾಕತ್ತು. ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಒಂದು ಸಣ್ಣ ಡಬ್ಬಿ. ಅದನ್ನು ಎಂಜಿನ್ನಿನ ವೈರಿಂಗಿಗೆ ಜೋಡಿಸಿದರೆ ಸಾಕು, ನೂರಕ್ಕೆ ಹದಿನೈದು ಇಪ್ಪತ್ತು ಪಾಲು ತಾಕತ್ತು ಜಾಸ್ತಿ ಅನ್ನುತ್ತಿದ್ದರು.

ನಮ್ಮದು ಬೊಲೆರೊ ಪಿಕಪ್. 2523 ಸಿಸಿ, ನಾಲ್ಕು ಸಿಲಿಂಡರ್, ಟರ್ಬೊ ಡೀಸೆಲ್. ಬೇಸಿಗೆಯಲ್ಲಿ ಕಲ್ಲು, ಚಳಿಗಾಲದಲ್ಲಿ ತೊಗರಿ, ನಡುನಡುವೆ ಕಮಲಾಪುರದ ಕೆಂಪು ಬಾಳೆ. ಮನೆಯ ರೇಷನ್ನು, ಅವ್ವನ ಔಷಧಿ, ಮಗಳ ಸ್ಕೂಲ್ ಫೀಸು ಎಲ್ಲ ಇದರ ಮೇಲೆಯೇ. ತೊಗರಿ ಸೀಸನ್ ಮುಗಿದ ಮೇಲೆ ಗಾಡಿಗೆಂದು ಬೇರೆ ತೆಗೆದಿಟ್ಟ ಹಣ 40,000 ರೂಪಾಯಿ ಇತ್ತು. ಅಷ್ಟರೊಳಗೆ ಎಂಜಿನ್ ಗಟ್ಟಿ ಮಾಡಬೇಕು. ಸಾಲ ಮಾಡಬಾರದು. ಇದಿಷ್ಟು ನಾನು ಹಾಕಿಕೊಂಡ ಗೆರೆ.

ಅಂದು ರಾತ್ರಿ ಮಗಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ಬರೆಯಲು ಕೂತೆ. ತಮ್ಮ ಹೇಳುತ್ತಾ ಹೋದ. ಚಿಪ್ಪು, ಫ್ರೀ ಫ್ಲೋ ಸೈಲೆನ್ಸರ್, ತೊಳೆದು ಮತ್ತೆ ಹಾಕುವ ಕಾಟನ್ ಏರ್ ಫಿಲ್ಟರ್, ಆಗುವುದಾದರೆ ದೊಡ್ಡ ಟರ್ಬೊ. ಬರೆದು ಲೆಕ್ಕ ಕೂಡಿಸಿದಾಗ ದುಡ್ಡು ಎರಡು ಪಟ್ಟು ದಾಟಿತ್ತು. ಯಾವುದನ್ನು ಮೊದಲು ಮಾಡಬೇಕು ಅನ್ನುವುದೂ ತಿಳಿಯಲಿಲ್ಲ.

ಮರುದಿನ ಆ ಹಾಳೆಯನ್ನು ನಮ್ಮ ಮೆಕ್ಯಾನಿಕ್ ಉಸ್ತಾದರ ಹತ್ತಿರ ಒಯ್ದೆ. ರಿಂಗ್ ರಸ್ತೆಯ ಪಕ್ಕ ಅವರದೊಂದು ತಗಡಿನ ಶೆಡ್ಡು. ಅಪ್ಪನ ಕಾಲದಿಂದಲೂ ನಮ್ಮ ಮನೆಯ ಗಾಡಿಗಳನ್ನು ನೋಡಿದವರು. ಹಾಳೆಯನ್ನು ಓದಿದರು, ಮಡಚಿ ವಾಪಸ್ ಕೊಟ್ಟರು. "ಇದ್ದ ತಾಕತ್ತು ಎಲ್ಲಿ ಹೋಗ್ಯಾದ ಅಂತ ಮೊದಲ ನೋಡಮು. ಹೊಸಾದು ಆಮ್ಯಾಗ" ಅಂದರು. ಅಷ್ಟೇ. ನನಗೆ ಆ ಮಾತು ಬಹಳ ಹಿಡಿಸಿತು.

ಕರಿ ಹೊಗೆ ಅಂದರೆ ಏನು ಅಂತ ಅವರು ತಮ್ಮನಿಗೆ ಬಿಡಿಸಿ ಹೇಳಿದರು. ನಾನೂ ಆಮೇಲೆ ಓದಿ ಲೆಕ್ಕ ಹಾಕಿದೆ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಬೇಕೆಂದರೆ ಸುಮಾರು 12 ಕೆ.ಜಿ. ಗಾಳಿ ಬೇಕು. ಅಂದರೆ ಹೆಚ್ಚೂಕಡಿಮೆ 10,000 ಲೀಟರ್ ಗಾಳಿ. ಅಷ್ಟು ಸಿಗದಿದ್ದರೆ ಉರಿಯದೆ ಉಳಿದ ಇಂಗಾಲ ಮಸಿಯಾಗಿ ಹೊರಗೆ ಬರುತ್ತದೆ. ಅದೇ ಹೊಗೆ. ಹಾಗಾಗಿ ಡೀಸೆಲ್ ಎಂಜಿನ್ನಿನ ತಾಕತ್ತಿಗೆ ಕಡಿವಾಣ ಹಾಕುವುದು ಗಾಳಿ. ಚಿಪ್ಪು ಮುಖ್ಯವಾಗಿ ಮಾಡುವುದೇನು? ಡೀಸೆಲ್ ಜಾಸ್ತಿ ಸುರಿಯುತ್ತದೆ. ಮೊದಲೇ ಗಾಳಿ ಸಾಲದೆ ಹೊಗೆ ಉಗುಳುವ ಗಾಡಿಗೆ ಇನ್ನಷ್ಟು ಡೀಸೆಲ್ ಸುರಿದರೆ ಇನ್ನಷ್ಟು ಹೊಗೆ ಬರುತ್ತದೆ, ಇನ್ನಷ್ಟು ಕಾವು ಏರುತ್ತದೆ. ಒಲೆಗೆ ಕಟ್ಟಿಗೆ ತುರುಕಿ ಊದದೆ ಬಿಟ್ಟ ಹಾಗೆ.

ಇದರ ಮೇಲೆ ನಮ್ಮೂರ ಬಿಸಿಲು ಬೇರೆ. ಗಾಳಿ ಕಾದಷ್ಟೂ ತೆಳ್ಳಗಾಗುತ್ತದೆ. 20 ಡಿಗ್ರಿ ಇರುವ ಬೆಳಗಿನ ಗಾಳಿಗೂ ಮೇ ತಿಂಗಳ 44 ಡಿಗ್ರಿಯ ಗಾಳಿಗೂ ತೂಕದಲ್ಲಿ ನೂರಕ್ಕೆ ಏಳೆಂಟು ಪಾಲು ವ್ಯತ್ಯಾಸ. ಟರ್ಬೊ ಆ ಗಾಳಿಯನ್ನು ಒತ್ತಿ ಒಳಗೆ ಕಳಿಸುತ್ತದೆ. ಒತ್ತಿದಾಗ ಅದು ಇನ್ನೂ ಕಾಯುತ್ತದೆ. ಕಾದದ್ದನ್ನು ಮತ್ತೆ ತಣ್ಣಗೆ ಮಾಡಲು ಇಂಟರ್‌ಕೂಲರ್ ಇದೆ. ಈ ದಾರಿಯಲ್ಲಿ ಎಲ್ಲೇ ಸೋರಿದರೂ, ಎಲ್ಲೇ ಕಟ್ಟಿಕೊಂಡರೂ ಪುಲ್ಲಿಂಗ್ ಬಿದ್ದುಹೋಗುತ್ತದೆ.

ಉಸ್ತಾದರು ಆ ದಾರಿ ಹಿಡಿದೇ ಹೊರಟರು. ಏರ್ ಫಿಲ್ಟರ್ ಬಿಚ್ಚಿ ನೆಲಕ್ಕೆ ತಟ್ಟಿದರು. ಒಂದು ಹಿಡಿ ಕರಿಮಣ್ಣು, ಅದರ ಜೊತೆ ತೊಗರಿ ಹೊಟ್ಟು! ಜನವರಿಯಲ್ಲಿ ರಾಶಿ ಮಷಿನ್ ಪಕ್ಕದಲ್ಲೇ ಗಾಡಿ ಚಾಲೂ ಇಟ್ಟು ಚೀಲ ತುಂಬಿಸಿದ್ದರ ಫಲ ಅದು. ಇಂಟರ್‌ಕೂಲರ್, ರೇಡಿಯೇಟರ್ ಎರಡರ ಸಂದಿಯಲ್ಲೂ ಅದೇ ಹೊಟ್ಟು ಮೆತ್ತಿಕೊಂಡು ಗೋಡೆಯ ಗಿಲಾಯಿ ಹಾಗೆ ಆಗಿತ್ತು. ನಾಲ್ಕೈದು ತಿಂಗಳು ಅದನ್ನು ಹೊತ್ತುಕೊಂಡೇ ಓಡಾಡಿದ್ದೇನೆ. ನಮ್ಮ ಕಡೆಯ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು, ಅದರ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ ತೊಗರಿ ಸಾಗಿಸುವ ಪ್ರತಿಯೊಬ್ಬ ಗಾಡಿಯವನಿಗೂ ಇದೊಂದು ಮಾತು ಹೇಳಬೇಕು. ರಾಶಿ ಮುಗಿದ ವಾರವೇ ಬಾನೆಟ್ ಎತ್ತಿ ನೋಡಿ. ಸಣ್ಣ ಪೈಪಿನ ನೀರನ್ನು ಜೋರು ಒತ್ತಡವಿಲ್ಲದೆ ಎಂಜಿನ್ ಕಡೆಯಿಂದ ಮುಂದಕ್ಕೆ ಬಿಡಿ. ಹೊಟ್ಟು ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಮುಂದಿನಿಂದ ಜೋರಾಗಿ ಹೊಡೆದರೆ ತೆಳ್ಳನೆ ರೆಕ್ಕೆಗಳು ಮಡಚಿ ಇನ್ನಷ್ಟು ಕಟ್ಟಿಕೊಳ್ಳುತ್ತದೆ.

ಆಮೇಲೆ ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸು. ಸೋಪಿನ ನೀರು ಹಚ್ಚಿ, ಒಂದು ತುದಿ ಮುಚ್ಚಿ, ಇನ್ನೊಂದು ಕಡೆಯಿಂದ ಸ್ವಲ್ಪ ಗಾಳಿ ಬಿಟ್ಟರು. ಕ್ಲಾಂಪಿನ ಪಕ್ಕ ಬುಳುಬುಳು ಗುಳ್ಳೆ ಬಂದವು. ಹಿಂದಿನ ವರ್ಷ ಬೇರೆ ಒಂದು ಗ್ಯಾರೇಜಿನಲ್ಲಿ ಹೋಸು ಬಿಚ್ಚಿ ಹಾಕುವಾಗ ಕ್ಲಾಂಪನ್ನು ಓರೆಯಾಗಿ ಬಿಗಿದಿದ್ದರು. ಅದು ರಬ್ಬರನ್ನು ಕೊಯ್ಯುತ್ತಾ ಕೊಯ್ಯುತ್ತಾ ಸೀಳಿಬಿಟ್ಟಿತ್ತು. ಗಾಡಿ ನಿಂತಾಗ ಅದು ಕಾಣುವುದಿಲ್ಲ. ಲೋಡ್ ಇಟ್ಟು ಏರು ಹತ್ತುವಾಗ, ಟರ್ಬೊ ಒತ್ತಡ ಏರಿದಾಗ ಮಾತ್ರ ಬಾಯಿ ತೆರೆಯುತ್ತದೆ. ಏರಿನಲ್ಲಿ "ಸುಸ್" ಅಂತ ಒಂದು ಸದ್ದು ಬರುತ್ತಿದ್ದದ್ದು ನನಗೂ ಕೇಳಿತ್ತು. ಟರ್ಬೊ ಸದ್ದೇ ಹಾಗಿರಬೇಕು ಅಂತ ಸುಮ್ನೆ ಬಿಟ್ಟಿದ್ದೆ.

ಹೋಸು, ಕ್ಲಾಂಪು ಎರಡೂ ಸೇರಿ 1,900 ರೂಪಾಯಿ.

ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ನೋಡಿದ ರೀತಿ ತಮ್ಮನಿಗೆ ಬಹಳ ಇಷ್ಟವಾಯಿತು. ನಾಲ್ಕು ಇಂಜೆಕ್ಟರಿನ ವಾಪಸ್ ಪೈಪುಗಳಿಗೆ ನಾಲ್ಕು ಸಣ್ಣ ಬಾಟಲಿ ಕಟ್ಟಿ ಎಂಜಿನ್ ಚಾಲೂ ಮಾಡಿದರು. ಮೂರು ಬಾಟಲಿಗಳಲ್ಲಿ ಡೀಸೆಲ್ ಒಂದೇ ಸಮ ಏರಿತು. ಮೂರನೇ ಸಿಲಿಂಡರಿನದು ಮಾತ್ರ ಬೇಗ ಬೇಗ ತುಂಬಿತು. ಅಂದರೆ ಆ ಇಂಜೆಕ್ಟರ್ ಒಳಗೆ ಸವೆದಿದೆ, ಡೀಸೆಲ್ ಅಲ್ಲಿ ಒಳಗಿಂದೊಳಗೇ ಸೋರಿ ಟ್ಯಾಂಕಿಗೆ ವಾಪಸ್ ಹೋಗುತ್ತಿದೆ. ಯಾವ ಮಷಿನ್ನೂ ಇಲ್ಲದೆ ಕಣ್ಣೆದುರಿಗೇ ಉತ್ತರ. ಅದೊಂದನ್ನೇ ರಿಪೇರಿಗೆ ಕಳಿಸಿದೆವು, 4,500 ಆಯಿತು. ನಾಲ್ಕನ್ನೂ ಬದಲಿಸಿ ಅಂದಿದ್ದರೆ ನನ್ನ ನಲವತ್ತು ಸಾವಿರ ಅಲ್ಲೇ ಮುಗಿಯುತ್ತಿತ್ತು.

ಉರಿದ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್ನಿಗೆ ಕಳಿಸಿ ಹೊರಗೆ ಬರುವ ವಿಷಗಾಳಿ ಕಡಿಮೆ ಮಾಡುವ ಇಜಿಆರ್ ವಾಲ್ವಿನಲ್ಲಿ ಮಸಿ ಕಟ್ಟಿ ಗಾಳಿಯ ದಾರಿ ಕಿರಿದಾಗಿತ್ತು. ಅದನ್ನು ತೊಳೆದು ಹಾಕಿದರು. ಅದನ್ನು ಮುಚ್ಚಿಸಿಬಿಡು ಅಂತ ಹೇಳುವ ಗೆಳೆಯರು ಇದ್ದಾರೆ. ನಾನು ಮುಚ್ಚಿಸಲಿಲ್ಲ. ಆ ಸೆರಗು ಮುಚ್ಚಿಕೊಂಡ ಹೆಣ್ಣುಮಗಳ ಮುಖ ನೆನಪಾಯಿತು.

ಹಿಂದಿನ ಎಡಚಕ್ರವನ್ನು ಜಾಕ್ ಎತ್ತಿ ಕೈಯಿಂದ ತಿರುಗಿಸಿದರೆ ಅರ್ಧ ಸುತ್ತಿಗೆ ನಿಲ್ಲುತ್ತಿತ್ತು. ಬ್ರೇಕ್ ಶೂ ಪೂರ್ತಿ ಬಿಡುತ್ತಿರಲಿಲ್ಲ. ಅಂದರೆ ಬ್ರೇಕ್ ಹಿಡಿದುಕೊಂಡೇ ನಾನು ಏರು ಹತ್ತುತ್ತಿದ್ದೆ. ಇದನ್ನು ತಿಳಿಯಲು ದುಡ್ಡು ಬೇಡ. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಚಕ್ರದ ನಡುಭಾಗದ ಹತ್ತಿರ ಕೈ ಒಯ್ಯಿರಿ. ಒಂದು ಮಾತ್ರ ಜಾಸ್ತಿ ಕಾದಿದ್ದರೆ ಅಲ್ಲೇ ಬ್ರೇಕ್ ಹಿಡಿದಿದೆ ಅಂತ ಅರ್ಥ.

ಟೈರಿನದು ನನ್ನದೇ ತಪ್ಪು. ಹೊಲದ ದಾರಿಯಲ್ಲಿ ಗಾಡಿ ಎತ್ತರ ಇರಲಿ ಅಂತ ದೊಡ್ಡ ಅಳತೆಯ ಟೈರ್ ಹಾಕಿಸಿದ್ದೆ. ಟೇಪ್ ಹಿಡಿದು ಅಳೆದೆ. ಮೊದಲಿನದು 73 ಸೆಂಟಿಮೀಟರ್ ಎತ್ತರ, ಈಗಿನದು 76. ಮೂರೇ ಸೆಂಟಿಮೀಟರ್. ಆದರೆ ಲೆಕ್ಕದಲ್ಲಿ ಅದು ನೂರಕ್ಕೆ ನಾಲ್ಕು ಪಾಲು. ಚಕ್ರ ನಾಲ್ಕು ಪಾಲು ದೊಡ್ಡದಾದರೆ ನೆಲಕ್ಕೆ ಮುಟ್ಟುವ ಎಳೆತ ಅಷ್ಟೇ ಕಡಿಮೆ. ಎಲ್ಲ ಗೇರುಗಳೂ ಸ್ವಲ್ಪ ಸ್ವಲ್ಪ ಭಾರವಾದ ಹಾಗೆ. ಮೀಟರೂ ಸುಳ್ಳು ಹೇಳುತ್ತದೆ. ಗಾಡಿ ನೂರು ಕಿಲೋಮೀಟರ್ ಓಡಿದರೆ ಅದು 96 ತೋರಿಸುತ್ತದೆ. ಟೈರ್ ಇನ್ನೂ ಅರ್ಧ ಸವೆದಿಲ್ಲ, ಈಗಲೇ ಬಿಸಾಕಲು ಆಗುವುದಿಲ್ಲ. ಮುಂದಿನ ಸಲ ಹಳೆಯ ಅಳತೆಗೇ ಹೋಗುವುದು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಇನ್ನು ಅಳೆಯುವ ಮಾತು. ದೊಡ್ಡ ಊರುಗಳಲ್ಲಿ ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ ತಾಕತ್ತು ಅಳೆಯುವ ಮಷಿನ್ ಇರುತ್ತದೆ. ನಮಗೆ ಕಮಲಾಪುರದ ಏರೇ ಮಷಿನ್. ಒಂದರ ಮುಂದೊಂದು ಇರುವ ಎರಡು ಕಿಲೋಮೀಟರ್ ಕಲ್ಲುಗಳನ್ನು ಗುರುತು ಮಾಡಿಕೊಂಡೆವು. ಅಷ್ಟೇ ಲೋಡು, ಅದೇ ಹೊತ್ತು, ಅದೇ ಡ್ರೈವರ್. ತಮ್ಮ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಿಡಿಯುತ್ತಿದ್ದ. ರಿಪೇರಿಗೆ ಮುಂಚೆ ಒಂದು ಕಿಲೋಮೀಟರಿಗೆ 2 ನಿಮಿಷ 5 ಸೆಕೆಂಡು. ಹೋಸು, ಇಂಜೆಕ್ಟರ್, ಫಿಲ್ಟರ್, ಬ್ರೇಕ್ ಎಲ್ಲ ಆದಮೇಲೆ 1 ನಿಮಿಷ 46 ಸೆಕೆಂಡು. ಹೊಗೆ ಇಲ್ಲವೆನ್ನುವಷ್ಟು ಕಡಿಮೆ. ಆ ದಿನ ಇಬ್ಬರೂ ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದೆವು.

ಆದರೆ ಇನ್ನೂ ಮೂರನೇ ಗೇರಿನಲ್ಲಿ ಪೂರ್ತಿ ಹತ್ತುತ್ತಿರಲಿಲ್ಲ. ತಮ್ಮ ಮತ್ತೆ ಚಿಪ್ಪಿನ ಮಾತು ತೆಗೆದ. ಉಸ್ತಾದರು ಈ ಸಲ ಬಾನೆಟ್ ಎತ್ತಲಿಲ್ಲ. "ಕಾಟಾ ಮಾಡಿಸಿರಿ ಏನು?" ಅಂತ ಕೇಳಿದರು.

ನಿಜ ಹೇಳಬೇಕೆಂದರೆ ನಾನು ಕಲ್ಲಿನ ಲೋಡನ್ನು ಯಾವತ್ತೂ ತೂಕ ಮಾಡಿಸಿರಲಿಲ್ಲ. ತೊಗರಿಯಾದರೆ ಚೀಲ ಎಣಿಸಿದರೆ ಲೆಕ್ಕ ಸಿಗುತ್ತದೆ. ಗಂಜಿನಲ್ಲಿ ಅಡತಿಯವರು, ಹಮಾಲರು ಎಲ್ಲ ತೂಕದಲ್ಲೇ ಮಾತಾಡುತ್ತಾರೆ. ಕಲ್ಲಿನದು ಹಾಗಲ್ಲ, ಚದರಡಿಯಲ್ಲಿ ವ್ಯವಹಾರ. ತೆಳ್ಳಗೆ ಅಗಲವಾಗಿ ಇರುತ್ತದೆ, ಗಾಡಿ ಅರ್ಧವೂ ತುಂಬಿದ ಹಾಗೆ ಕಾಣುವುದಿಲ್ಲ. ಒಂದು ಇಂಚು ದಪ್ಪದ ಫರಸಿ ಒಂದು ಚದರಡಿಗೆ ಹೆಚ್ಚೂಕಡಿಮೆ 6 ಕೆ.ಜಿ. ತೂಗುತ್ತದೆ. ನಾನು ಹೇರುತ್ತಿದ್ದದ್ದು 350 ಚದರಡಿ. ಅಂದರೆ 2,100 ಕೆ.ಜಿ. ಆರ್‌ಸಿ ನೋಡಿದೆ. ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದು ಒಂದೂವರೆ ಟನ್ನಿನ ಆಸುಪಾಸು. ಆರು ನೂರು ಕಿಲೋ ಜಾಸ್ತಿ.

ಈ ಲೆಕ್ಕ ಬಿದ್ದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಗಾಡಿಯೂ ಲೋಡೂ ಸೇರಿ ಸುಮಾರು 3,800 ಕಿಲೋ ಇದ್ದದ್ದು ಆರು ನೂರು ಇಳಿಸಿದರೆ 3,200 ಆಗುತ್ತದೆ. ನೂರಕ್ಕೆ ಹದಿನೈದು ಹದಿನಾರು ಪಾಲು ಹಗುರ. ಏರಿನಲ್ಲಿ ಎಂಜಿನ್ನಿನ ಮೇಲಿನ ಭಾರವೂ ಹೆಚ್ಚೂಕಡಿಮೆ ಅಷ್ಟೇ ಇಳಿಯುತ್ತದೆ. ಚಿಪ್ ಮಾರುವವರು ಕೊಡುತ್ತೇವೆ ಅನ್ನುತ್ತಿದ್ದದ್ದು ಕೂಡ ಅಷ್ಟೇ ಅಲ್ವಾ? ನನಗೆ ಬೇಕಾಗಿದ್ದ ಹೆಚ್ಚಿನ ತಾಕತ್ತು ಪೂರ್ತಿಯಾಗಿ ಈ ಆರು ನೂರು ಕಿಲೋವನ್ನು ಮುಚ್ಚಿಡಲು ಬೇಕಾಗಿತ್ತು. ಏರು ಹತ್ತಿದ್ದು ಇಳಿಯಲೂ ಬೇಕು. ಇಳಿಯುವಾಗ ಆ ಆರು ನೂರು ಕಿಲೋ ಹಿಂದಿನಿಂದ ತಳ್ಳುತ್ತದೆ, ಆಗ ಯಾವ ಚಿಪ್ಪೂ ಬರುವುದಿಲ್ಲ, ಬ್ರೇಕ್ ಒಂದೇ. ಅದರಲ್ಲೂ ಒಂದು ಚಕ್ರದ ಬ್ರೇಕ್ ಕಾದು ಕಾದು ಸವೆದಿತ್ತು. ಪಕ್ಕದಲ್ಲಿ ನನ್ನ ತಮ್ಮ ಕೂತಿರುತ್ತಿದ್ದ.

ಕಾನೂನೂ ಇದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ ಹೆಚ್ಚು ಲೋಡಿಗೆ 20,000 ರೂಪಾಯಿ ದಂಡ, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000. ನನ್ನ ಬಜೆಟ್ಟಿನ ಅರ್ಧ ಒಂದೇ ತಪಾಸಣೆಯಲ್ಲಿ ಹೋಗುತ್ತದೆ. ಎಂಜಿನ್ ಬದಲಾವಣೆಗೂ ಹಾಗೇ. 1988ರ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಮಾರ್ಪಾಡು ಮಾಡುವ ಹಾಗಿಲ್ಲ. 182ಎ ಕಲಮಿನಲ್ಲಿ ಅಂಥ ಒಂದೊಂದು ಮಾರ್ಪಾಡಿಗೆ 5,000 ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಅಪಘಾತವಾದರೆ ವಿಮೆಯವರು ಮೊದಲು ಕೇಳುವುದೂ ಇಂಥದನ್ನೇ.

ಹುಮನಾಬಾದಿನ ವ್ಯಾಪಾರಿಗೆ ಫೋನ್ ಮಾಡಿದೆ. "ಸಾವಕಾರ್ರೇ, ಇನ್ನು ಮೇಲೆ 250 ಚದರಡಿಗಿಂತ ಹೆಚ್ಚು ಹಾಕಂಗಿಲ್ರಿ. ಭಾಡಾ ಸ್ವಲ್ಪ ನೋಡಿ ಕೊಡ್ರಿ" ಅಂದೆ. ಅವರು ಎರಡು ದಿನ ಉತ್ತರ ಕೊಡಲಿಲ್ಲ. ಆಮೇಲೆ ಚದರಡಿಗೆ ಸ್ವಲ್ಪ ಏರಿಸಿ ಒಪ್ಪಿದರು. ನನಗೆ ಒಂದು ಟ್ರಿಪ್ಪಿನಲ್ಲಿ ಸಿಗುವುದು ಮೊದಲಿಗಿಂತ ಕಡಿಮೆಯೇ. ಆದರೆ ಡೀಸೆಲ್ ಉಳಿಯುತ್ತಿದೆ. ಟ್ಯಾಂಕ್ ತುಂಬಿಸಿ, ಮತ್ತೆ ತುಂಬಿಸುವವರೆಗಿನ ಲೆಕ್ಕ ಇಡುತ್ತಿದ್ದೇನೆ. ಟೈರಿನ ನಾಲ್ಕು ಪಾಲು ತಿದ್ದಿ ನೋಡಿದರೂ ಲೀಟರಿಗೆ ಎರಡು ಕಿಲೋಮೀಟರಿನಷ್ಟು ಹೆಚ್ಚು ಸಿಗುತ್ತಿದೆ.

250 ಚದರಡಿಯ ಮೊದಲ ಟ್ರಿಪ್ಪಿನಲ್ಲಿ ಅದೇ ಒಂದು ಕಿಲೋಮೀಟರನ್ನು ಒಂದೂವರೆ ನಿಮಿಷದಲ್ಲಿ ಹತ್ತಿದೆವು. ಮೂರನೇ ಗೇರಿನಲ್ಲಿ! ಗೇರಿನ ವಿಷಯವೂ ಉಸ್ತಾದರು ಕಲಿಸಿದ್ದು. ಈ ಎಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು 200 ನ್ಯೂಟನ್ ಮೀಟರ್, ಅದು ಸಿಗುವುದು ನಿಮಿಷಕ್ಕೆ 1400ರಿಂದ 2200 ಸುತ್ತಿನ ನಡುವೆ. ಎಂಜಿನ್ ಸೋತು ಗಡಗಡ ಅನ್ನುವವರೆಗೆ ಕಾದು ಗೇರ್ ಇಳಿಸುವುದು ನನ್ನ ಹಳೆಯ ರೂಢಿ. ಅಷ್ಟರಲ್ಲಿ ಟರ್ಬೊ ಸುತ್ತು ಕಳೆದುಕೊಂಡಿರುತ್ತದೆ. ಮತ್ತೆ ಏರಲು ಸಮಯ ಬೇಕು, ಗಾಡಿ ಅಷ್ಟರಲ್ಲಿ ನಿಂತೇ ಹೋಗುತ್ತದೆ. ಈಗ ಸದ್ದು ದಪ್ಪವಾಗುವ ಮುಂಚೆಯೇ ಇಳಿಸುತ್ತೇನೆ. ಇದಕ್ಕೆ ಪೈಸೆ ಖರ್ಚಿಲ್ಲ. ಕಿವಿ ಪಳಗಲು ಮಾತ್ರ ಹತ್ತು ಹದಿನೈದು ಟ್ರಿಪ್ಪು ಬೇಕಾಯಿತು.

ಕ್ಲಚ್ ಪ್ಲೇಟಿಗೆ 9,800 ಹೋಯಿತು, ಅದು ಹೇಗೂ ಸವೆದಿತ್ತು. ಚಿಪ್ ಹಾಕಿಸಿದ್ದರೆ ಮೊದಲು ಸುಟ್ಟುಹೋಗುತ್ತಿದ್ದದ್ದು ಅದೇ. ಕೂಲೆಂಟ್ ಹೊಸದು ಹಾಕಿದೆವು. ಕಾಟನ್ ಫಿಲ್ಟರ್ ಆಸೆ ಬಿಟ್ಟೆವು. ನಮ್ಮ ಕರಿಮಣ್ಣಿನ ಧೂಳು ಹಿಟ್ಟಿನಂಥದು. ಗಾಳಿ ಸಲೀಸಾಗಿ ಬಿಡುವ ಫಿಲ್ಟರ್ ಧೂಳನ್ನೂ ಸಲೀಸಾಗಿ ಬಿಟ್ಟರೆ ಟರ್ಬೊ ರೆಕ್ಕೆ, ಪಿಸ್ಟನ್ ರಿಂಗು ಎರಡನ್ನೂ ತಿನ್ನುತ್ತದೆ. ಕಂಪನಿಯ ಪೇಪರ್ ಫಿಲ್ಟರನ್ನೇ ಹಾಕಿ, ಸೀಸನ್ನಿನಲ್ಲಿ ಬೇಗ ಬೇಗ ಬದಲಿಸುವುದು ಅಂತ ಠರಾಯಿಸಿದೆವು. ಸೈಲೆನ್ಸರ್ ಬರೀ ಸದ್ದು, ಅದರ ಮಾತೇ ಬೇಡ.

ಎಲ್ಲ ಸೇರಿ 29,200 ಆಯಿತು. ಉಳಿದದ್ದು 10,800. ಅದನ್ನು ಹಾಗೇ ಇಟ್ಟಿದ್ದೇನೆ. ಟರ್ಬೊ ಶಾಫ್ಟನ್ನು ಬೆರಳಲ್ಲಿ ಅಲುಗಾಡಿಸಿ ನೋಡಿದ ಉಸ್ತಾದರು, "ಸಣ್ಣ ಪ್ಲೇ ಅದ. ಈ ವರ್ಷ ನಡೀತದ. ಆದರ ಜೋಪಾನ" ಅಂದಿದ್ದಾರೆ. ಅದರ ಬೇರಿಂಗಿಗೆ ಎಣ್ಣೆಯೇ ಜೀವ. ಏರು ಹತ್ತಿ ಬಂದ ಕೂಡಲೇ ಕೀ ತಿರುಗಿಸಿದರೆ ಎಣ್ಣೆ ನಿಲ್ಲುತ್ತದೆ, ಕಾದ ಟರ್ಬೊದೊಳಗೆ ಉಳಿದ ಎಣ್ಣೆ ಸುಟ್ಟು ಮಸಿಯಾಗುತ್ತದೆ. ಒಂದೆರಡು ನಿಮಿಷ ಹಾಗೇ ಚಾಲೂ ಬಿಡಬೇಕು.

ನಿನ್ನೆ ಏರು ಮುಗಿದ ಮೇಲೆ ಚಹಾದ ಅಂಗಡಿ ಮುಂದೆ ನಿಲ್ಲಿಸಿದೆವು. ನಾನು ಕೀ ಕಡೆ ಕೈ ಒಯ್ದೆ. "ತಡಿ ಅಣ್ಣಾ" ಅಂದ ತಮ್ಮ. ಮೊಬೈಲ್ ತೆಗೆದು ಸ್ಟಾಪ್‌ವಾಚ್ ಒತ್ತಿದ. ಎಂಜಿನ್ ಮೆಲ್ಲಗೆ ತಿರುಗುತ್ತಿತ್ತು. ಕಮಲಾಪುರದಲ್ಲಿ ಕೊಂಡ ಕೆಂಪು ಬಾಳೆಹಣ್ಣು ಸುಲಿದು ನನಗೊಂದು ಕೊಟ್ಟ, ತಾನೊಂದು ತಿಂದ. ಎರಡು ನಿಮಿಷ ಆದಮೇಲೆ ತಲೆಯಾಡಿಸಿದ. ನಾನು ಕೀ ತಿರುಗಿಸಿದೆ.